ಕೊನೆಯ ಕೊಳದ ಮೀಸೆಮೀನು

ಪ್ರಯೂನ್ ಆ ಬೋರ್ಡು ಹಾಕಿಸಿದ್ದೇ ತಪ್ಪಾಯಿತು. ಊರಿನ ಬಚ್ಚಲು, ಪಾಯಿಖಾನೆ, ನೂಡಲ್ಸ್ ಅಂಗಡಿಗಳ ಕೊಳೆನೀರೆಲ್ಲ ಪುರಸಭೆಯ ಕೊಳಗಳಲ್ಲಿ ಒಂದರಿಂದೊಂದಕ್ಕೆ ಇಳಿದು, ಕೊನೆಯ ಕೊಳದಲ್ಲಿ ತಿಳಿಯಾಗಿ ಪಿಂಗ್ ನದಿ ಸೇರುತ್ತಿತ್ತು. ಅಲ್ಲಿ ಪಡ್ಡೆಗಳು ಗಾಳ ಹಾಕುತ್ತಾರೆಂದು, ಕೊಳಗಳ ಉಸ್ತುವಾರಿಗಿದ್ದ ಪ್ರಯೂನ್ ‘ಇಲ್ಲಿ ಮೀನು ಹಿಡಿಯಬಾರದು’ ಎಂದು ಬರೆಸಿ ನಿಲ್ಲಿಸಿದ. ಪಡ್ಡೆಗಳು ಓದಲಿಲ್ಲ. ಓದಿದ್ದು ಕೊಳದ ಎದುರುಮನೆಯ ಬುಆಲೋಯ್ ದೊಡ್ಡಮ್ಮ.

ಹುಣ್ಣಿಮೆಗೆ ಮೀನು ಬಿಟ್ಟು ಪುಣ್ಯ ಕಟ್ಟಿಕೊಳ್ಳುವುದು ನಮ್ಮ ಕಡೆ ಇದ್ದದ್ದೇ. ಆದರೆ ನದಿಗೆ ಬಿಟ್ಟ ಮೀನು ಸಂಜೆಗೆ ಯಾರದೋ ಒಲೆಯ ಮೇಲಿರುತ್ತದೆ. ಈ ಹುಣ್ಣಿಮೆಗೆ ದೊಡ್ಡಮ್ಮ ಬೆಳಿಗ್ಗೆಯೇ ಎರಡು ಬಕೆಟ್ ಮೀಸೆಮೀನನ್ನು ಕೊನೆಯ ಕೊಳಕ್ಕೆ ಸುರಿದುಬಿಟ್ಟಿದ್ದರು. ಮೀಸೆಮೀನಿಗೆ ತಳ ಕೆದಕದಿದ್ದರೆ ನಿದ್ದೆ ಬಾರದು. ಪ್ರಯೂನ್ ಬಂದು ನೋಡಿದಾಗ ಕೊಳವೆಲ್ಲ ಬಗ್ಗಡ.

ಅಂದೇ ಮಧ್ಯಾಹ್ನ ಪ್ರಾಂತ್ಯದ ಕಚೇರಿಯಿಂದ ನೀರಿನ ಪರೀಕ್ಷೆಗೆ ಬರುವವರಿದ್ದರು. ನೀರು ಪಾಸಾದರೆ ಪ್ರಯೂನನ ನೌಕರಿ ಖಾಯಂ. ಇಲ್ಲವಾದರೆ ಹೆಣ್ಣು ಕೊಟ್ಟ ಮಾವನ ಹಂದಿ ಕೊಟ್ಟಿಗೆಯೇ ಗತಿ.

“ದೊಡ್ಡಮ್ಮಾ, ಇದೇನ್ ಮಾಡಿದ್ರಿ! ಇದು ಚರಂಡಿ ನೀರು!”

“ಅದಕ್ಕೇ ಕಣಪ್ಪ ಬಿಟ್ಟಿದ್ದು. ಹಿಡಿಯಬಾರ್ದು ಅಂತ ನೀನೇ ಬೋರ್ಡು ಬೇರೆ ಹಾಕಿದೀಯ. ಈ ಮೀನು ತಿನ್ನೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ? ನನ್ ಮಗಳು ತುಂಬಿದ ಬಸುರಿ. ಅವಳ ಹೆಸರಲ್ಲಿ ಬಿಟ್ಟಿದೀನಿ. ಒಂದರ ಮೀಸೆ ಮುಟ್ಟಿದ್ರೂ ನೋಡು ಮತ್ತೆ!”

ಕಾವಲುಗಾರ ತೋಂಗ್‌ಡೀ ಮಾವ ಬಾಯಲ್ಲಿ ಹಲ್ಲುಕಡ್ಡಿ ಆಡಿಸುತ್ತ, “ಒಂದಿಷ್ಟು ಬ್ಲೀಚಿಂಗ್ ಪುಡಿ ಎರಚಿದ್ರೆ?” ಎಂದ. ದೊಡ್ಡಮ್ಮ ಕೊಟ್ಟ ನೋಟಕ್ಕೆ ಕಡ್ಡಿಯೇ ಬಿದ್ದುಹೋಯಿತು.

ಕೊನೆಗೆ ಪ್ರಯೂನ್ ಕೈಮುಗಿದ. “ಭಿಕ್ಷುಗಳ ವಿಹಾರದ ಆಚೆ, ನದಿ ತಿರುವಿನ ಹತ್ರ ಬಿಟ್ಟು ಬರ್ತೀನಿ. ಅಲ್ಲಿ ಯಾರೂ ಹಿಡಿಯಲ್ಲ.”

ದೊಡ್ಡಮ್ಮ ಯೋಚಿಸಿದರು. “ಆಯ್ತು. ಹೊರೋದು ನೀನು, ಪುಣ್ಯ ಮಾತ್ರ ನನ್ ಮಗಳದ್ದು. ಬಿಡುವಾಗ ಅವಳ ಹೆಸರು ಗಟ್ಟಿಯಾಗಿ ಹೇಳ್ಬೇಕು.”

ಪ್ರಯೂನ್ ಹಳೆಯ ಸೊಳ್ಳೆಪರದೆ ಹಿಡಿದು ಕೊಳಕ್ಕಿಳಿದ. ಎದೆಮಟ್ಟದ ನೀರು. ಅದರಲ್ಲಿ ಏನೇನಿರುತ್ತದೆಂದು ಊರಿನಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಮೀನು ಹಿಡಿಯುವುದೆಂದರೆ ಎಣ್ಣೆ ಸವರಿದ ಲಟ್ಟಣಿಗೆ ಹಿಡಿದಂತೆ. ದಂಡೆಯ ಮೇಲೆ ಕುಳಿತ ತೋಂಗ್‌ಡೀ ಮಾವನ ಸಲಹೆಗೇನೂ ಬರವಿರಲಿಲ್ಲ.

“ಎಡಕ್ಕೆ! ನಿನ್ನ ಎಡಕ್ಕಲ್ಲಯ್ಯ, ಮೀನಿನ ಎಡಕ್ಕೆ!”

ಮೀನೆಲ್ಲ ಬಕೆಟ್ ಸೇರುವಷ್ಟರಲ್ಲಿ ಬಿಸಿಲೇರಿತ್ತು. ಬೈಕಿಗೆ ಬಕೆಟ್ ಕಟ್ಟಿಕೊಂಡು ಹೊರಟ. ತಿರುವು ದೂರ, ಮೈಯೆಲ್ಲ ನಾತ, ಹೊತ್ತು ಬೇರೆ ಮೀರುತ್ತಿತ್ತು. ಸೇತುವೆಯ ಮೆಟ್ಟಿಲ ಬಳಿ ಗಾಡಿ ನಿಲ್ಲಿಸಿ ಆಚೀಚೆ ನೋಡಿದ. ಮೀನಿಗೆ ಸೇತುವೆಯಾದರೇನು, ತಿರುವಾದರೇನು? ಬಸುರಿಯ ಹೆಸರು ಹೇಳಿ ಅಲ್ಲೇ ಸುರಿದು, ಮನೆಗೆ ಹೋಗಿ ಸ್ನಾನ ಮಾಡಿ ಬಂದ.

ಮಧ್ಯಾಹ್ನದ ಹೊತ್ತಿಗೆ ಕೆಸರು ಕೂತು ಕೊಳ ಫಳಫಳ ಎನ್ನುತ್ತಿತ್ತು. ಪ್ರಯೂನನಿಗೆ ತನ್ನ ನೀರನ್ನು ನೋಡಿ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಕಚೇರಿಯ ಕಾರೂ ಬಂತು.

ಪರೀಕ್ಷೆಯ ಅಧಿಕಾರಿ ವನೀದಾ ಮೇಡಂ ದಂಡೆಯಲ್ಲಿ ನಿಂತು ಬೆರಗಾದರು. “ಎಂಥಾ ನೀರು ಮಾಡಿದೀರ್ರೀ! ತಳ ಕಾಣ್ತಿದೆ! ಖಾಯಂ ಮಾಡೋಕೆ ಇನ್ನೇನು ಬೇಕು?”

“ಬಾಟ್ಲಿ ತುಂಬಿಸ್ಲಾ ಮೇಡಂ?”

“ಒಂದ್ನಿಮಿಷ. ಇವತ್ತು ನಮ್ಮಮ್ಮನ ಹುಟ್ಟಿದಬ್ಬ. ಇಂಥಾ ನೀರು ಬಿಟ್ಟು ಇನ್ನೆಲ್ಲಿ ಹುಡುಕ್ಲಿ?” ಎಂದು ಡ್ರೈವರನಿಗೆ ಕೈಬೀಸಿದರು.

ಡ್ರೈವರ್ ಕಾರಿನ ಹಿಂಬದಿಯಿಂದ ಎರಡು ಬಕೆಟ್ ಇಳಿಸಿದ.

“ಬರುವಾಗ ಕೊಂಡೆ,” ಎಂದರು ಮೇಡಂ. “ಸೇತುವೆ ಕೆಳಗೆ ಒಬ್ಬ ಈಗಷ್ಟೇ ಬಲೆ ಎಳೆದ. ತಾಜಾ ಮೀಸೆಮೀನು!”

“ಮೇಡಂ, ಮೊದ್ಲು ಬಾಟ್ಲಿ...”

“ಬಿಸಿಲಲ್ಲಿ ಸಾಯ್ತಾವಲ್ರೀ, ಪಾಪ! ಮೊದ್ಲು ಪುಣ್ಯ, ಆಮೇಲೆ ಕೆಲಸ.”

ಮೀನು ನೀರಿಗೆ ಬಿದ್ದವು, ತವರಿಗೆ ಬಂದಂತೆ ನೇರ ತಳಕ್ಕೆ ಹೋದವು. ಮೇಡಂ ಕಣ್ಮುಚ್ಚಿ ಅಮ್ಮನ ಆಯುಸ್ಸು, ಆರೋಗ್ಯ, ಮಂಡಿನೋವು ಎಲ್ಲದಕ್ಕೂ ಪ್ರಾರ್ಥಿಸಿದರು. ಆಮೇಲೆ ಬಾಟಲಿ ಮುಳುಗಿಸಿ, ಎತ್ತಿ ಬೆಳಕಿಗೆ ಹಿಡಿದರು. ಅದು ಚಹಾದ ಬಣ್ಣಕ್ಕಿತ್ತು.

“ಛೆ! ಈಗಷ್ಟೇ ಚೆನ್ನಾಗಿತ್ತಲ್ಲ! ಏನ್ಮಾಡ್ಲಿ, ಬಾಟ್ಲಿಯಲ್ಲಿರೋದನ್ನೇ ನಾನು ಬರೀಬೇಕು. ಬೇಜಾರು ಮಾಡ್ಕೋಬೇಡಿ, ಇನ್ನೊಂದು ವರ್ಷ ಕೆಲಸದಲ್ಲಿ ಇಟ್ಕೊಳ್ಳಿ ಅಂತಾನೂ ಬರೀತೀನಿ, ಮುಂದಿನ ವರ್ಷ ನಾನೇ ಬಂದು ಇನ್ನೊಂದ್ಸಲ ಪರೀಕ್ಷೆ ಮಾಡ್ತೀನಿ.”

ಪ್ರಯೂನನ ಮುಖ ಸ್ವಲ್ಪ ಅರಳಿತು.

ಮೇಡಂ ಕಾರು ಹತ್ತಿ ಕಿಟಕಿಯಿಂದ ತಲೆ ಹೊರಹಾಕಿದರು. “ಅಲ್ಲೀವರೆಗೂ ಆ ಮೀನು ಈ ಕೊಳದಲ್ಲೇ ಜೋಪಾನ ಕಣ್ರೀ. ಬಂದಾಗ ಮೊದ್ಲು ಅವನ್ನೇ ನೋಡೋದು.”