ಪುಟ್ಟನ ಸಿಟ್ಟಿನ ಪ್ರಮಾಣಪತ್ರ

ಡ್ರ್ಯಾಗನ್ ಎಂಬ ಪ್ರಾಣಿಗೆ ಸಿಟ್ಟು ಇರತಕ್ಕದ್ದು ಎಂದು ನಮ್ಮ ಪುರಸಭೆಯ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಸಿಟ್ಟಿಲ್ಲದ ಡ್ರ್ಯಾಗನ್ ನಮ್ಮ ಊರಿನಲ್ಲಿ ಇಲ್ಲ. ಇದ್ದರೆ ಅದು ಹಲ್ಲಿ.

ಇದನ್ನು ಯಾರೋ ಬಾಯಿಗೆ ಬಂದ ಹಾಗೆ ಬರೆದದ್ದಲ್ಲ. ಹಿಂದೆ ಒಂದು ಸಮಿತಿ ಕೂತು, ಡ್ರ್ಯಾಗನ್‌ಗಳ ಗುಣಸ್ವಭಾವದ ಬಗ್ಗೆ ಜನರಿಂದ ಹೇಳಿಕೆ ಪಡೆದು ತೀರ್ಮಾನಿಸಿದ್ದು. ಹೇಳಿಕೆ ಕೊಡಲು ಬಂದವರೆಲ್ಲ ಡ್ರ್ಯಾಗನ್ ಕಂಡೊಡನೆ ಎದ್ದೆನೋ ಬಿದ್ದೆನೋ ಎಂದು ಓಡಿಬಂದವರು. ಓಡದೆ ನಿಂತು, ಅದರ ಬೆನ್ನು ಸವರಿ, ತಮ್ಮ ಪಾಡಿಗೆ ಮನೆಗೆ ಹೋದವರಿಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲವಾದ್ದರಿಂದ ಅವರು ಬರಲಿಲ್ಲ. ಹೀಗಾಗಿ ನಿಯಮಾವಳಿಯ ಪ್ರಕಾರ ಡ್ರ್ಯಾಗನ್‌ಗಳ ಸ್ವಭಾವ ಎರಡು: ಉಗ್ರ ಮತ್ತು ಅತ್ಯುಗ್ರ. ಹಲ್ಲು ಉದುರಿದವುಗಳಿಗೆಂದು ‘ನಿವೃತ್ತ ಉಗ್ರ’ ಎಂಬ ವರ್ಗವನ್ನು ಆಮೇಲೆ ಸೇರಿಸಲಾಯಿತು. ಅದಕ್ಕೂ ಹಿಂದೆ ಸಿಟ್ಟಿತ್ತು ಎನ್ನಲು ಸಾಕ್ಷಿ ಬೇಕು.

ನಾನು ಸ್ವಭಾವ ನಿರ್ಣಯ ಕಚೇರಿಯ ಗುಮಾಸ್ತ. ನಮ್ಮನ್ನು ನೋಡಿ ನಗುವವರಿದ್ದಾರೆ. ನಗಲಿ, ನಮ್ಮ ಗಂಟೇನು ಹೋಯಿತು? ನಮ್ಮಷ್ಟು ಅಚ್ಚುಕಟ್ಟಾದ ಕಚೇರಿ ಈ ಊರಿನಲ್ಲಿ ಇನ್ನೊಂದಿದ್ದರೆ ತೋರಿಸಲಿ. ಗೋಡೆಗಳು ಹೇಗೂ ಮಸಿ ಹಿಡಿಯುತ್ತವೆ ಎಂದು ಪ್ರತಿ ವರ್ಷ ಕಪ್ಪು ಬಣ್ಣವನ್ನೇ ಬಳಿಸುತ್ತೇವೆ. ಕಡತಗಳನ್ನು ಮಣ್ಣಿನ ಹೂಜಿಗಳಲ್ಲಿ ಮುಚ್ಚಿಡುತ್ತೇವೆ. ಬಾಗಿಲು ಡ್ರ್ಯಾಗನ್ ಹಿಡಿಸುವಷ್ಟು ಅಗಲವಿದೆ. ಅದರ ಮುಂದಿನ ಮೆಟ್ಟಿಲು ಮಾತ್ರ ಬೇರೆ ಇಲಾಖೆಗೆ ಸೇರಿದ್ದರಿಂದ ಒಬ್ಬರು ಹತ್ತುವಷ್ಟು ಅಗಲವಿದೆ.

ಪರೀಕ್ಷೆಯ ಕ್ರಮವನ್ನೂ ಹೇಳಿಬಿಡುತ್ತೇನೆ. ಹಿಂದಿನ ಸಾಹೇಬರು ಡ್ರ್ಯಾಗನ್ ಬಾಗಿಲಲ್ಲಿ ತಲೆ ಹಾಕುತ್ತಲೇ ‘ಅತ್ಯುಗ್ರ’ ಎಂದು ಬರೆದು ಕಿಟಕಿಯಿಂದ ಹಾರಿಬಿಡುತ್ತಿದ್ದರು. ಇದು ಪಕ್ಷಪಾತ ಎಂದು ದೂರು ಬಂತು. ಅಂದಿನಿಂದ ಪರೀಕ್ಷಾಧಿಕಾರಿ ಗೋಡೆಗೆ ಮುಖ ಮಾಡಿ, ಪ್ರಾಣಿಗೆ ಬೆನ್ನು ಹಾಕಿಯೇ ಕೂರಬೇಕು. ಕಂಡು ಬರೆದರೆ ಅಭಿಪ್ರಾಯ, ಕಾಣದೆ ಬರೆದರೆ ವರದಿ ಎಂದು ಈಗಿನ ಸಾಹೇಬರು ಹೇಳುತ್ತಾರೆ. ಅವರು ಗಮನಿಸುವ ಲಕ್ಷಣಗಳು ಇಷ್ಟೇ: ಗರ್ಜನೆ, ಕತ್ತಿನ ಹಿಂಭಾಗಕ್ಕೆ ತಾಗುವ ಬಿಸಿ, ಕಚೇರಿ ಸಾಮಾನಿಗೆ ಆಗುವ ಹಾನಿ. ಕೊನೆಗೆ ತಿರುಗಿ ನೋಡಿದಾಗ ಕುರ್ಚಿಯ ಬೆನ್ನಿಗೆ ಅತ್ಯಂತ ಸಮೀಪ ನಿಂತಿರುವ ಜೀವಿಯನ್ನೇ ಪರೀಕ್ಷೆಗೊಳಗಾದ ಡ್ರ್ಯಾಗನ್ ಎಂದು ಭಾವಿಸತಕ್ಕದ್ದು. ಒಮ್ಮೆ ಎರಡು ಡ್ರ್ಯಾಗನ್ ಒಟ್ಟಿಗೆ ಬಂದು ಗಲಿಬಿಲಿಯಾದ ಮೇಲೆ ಸೇರಿಸಿದ ನಿಯಮ ಇದು.

ಹೀಗಿರುವಾಗ ಒಂದು ಬೆಳಿಗ್ಗೆ ಬ್ರೆಡ್ಡಮ್ಮ ಪುಟ್ಟನನ್ನು ಕರೆದುಕೊಂಡು ಬಂದರು.

ಬ್ರೆಡ್ಡಮ್ಮ ನಮ್ಮ ಬೀದಿಯ ಬೇಕರಿಯವರು. ಕುಳ್ಳಗೆ, ಗುಂಡಗೆ, ಮೊಣಕೈವರೆಗೂ ಹಿಟ್ಟು, ಹೆಗಲ ಮೇಲೆ ಒಂದು ಉಣ್ಣೆಯ ಶಾಲು. ಪುಟ್ಟ ಎಂದರೆ ಅವರ ಒಲೆ ಉರಿಸುವ ಡ್ರ್ಯಾಗನ್. ಹೆಸರಿಗೆ ಪುಟ್ಟ, ಗಾತ್ರದಲ್ಲಿ ಹುಲ್ಲು ತುಂಬಿದ ಗಾಡಿ. ಬಾಗಿಲಲ್ಲಿ ನಿಂತು ನಾಲ್ಕೂ ಕಾಲು ಒರೆಸಿಕೊಂಡೇ ಒಳಗೆ ಬಂದ. ಹಿಂದೆ ಸಾಕ್ಷಿಗೆಂದು ಬ್ರೆಡ್ಡಮ್ಮನ ತಮ್ಮ.

“ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಬಾಯಿ ಹೊಲ್ಕೊಂಡಿರು,” ಎನ್ನುತ್ತಿದ್ದ ಆತ.

“ಆಯ್ತು ಕಣೋ, ಎಷ್ಟು ಸಲ ಹೇಳ್ತೀಯ? ನಾನೇನು ಮಾತಾಡಿದ್ನಾ?”

ವಿಷಯ ಇಷ್ಟು. ಒಲೆ ಉರಿಸುವ ಪ್ರತಿ ಡ್ರ್ಯಾಗನ್ನಿಗೂ ಸಿಟ್ಟಿನ ಪ್ರಮಾಣಪತ್ರ ಇರಬೇಕೆಂದು ಹೊಸ ಪ್ರಕಟಣೆ ಹೊರಟಿತ್ತು. ಇಲ್ಲದಿದ್ದರೆ ಅದು ಹಲ್ಲಿ. ಆಹಾರ ಬೇಯುವ ಜಾಗದಲ್ಲಿ ಕಂಡುಬಂದ ಹಲ್ಲಿಯನ್ನು ಪೊರಕೆಯಿಂದ ಊರ ಗಡಿಯಾಚೆ ಗುಡಿಸಿಹಾಕತಕ್ಕದ್ದು ಎಂದು ಆರೋಗ್ಯ ಶಾಖೆಯ ಹಳೆಯ ನಿಯಮವೇ ಇದೆ. ಪುಟ್ಟನ ಅಳತೆಗೆ ಮಾಡಿಸಿದ ಪೊರಕೆ ಆಗಲೇ ಬಂದು ನಮ್ಮ ಹಜಾರದಲ್ಲಿ ಒರಗಿ ನಿಂತಿತ್ತು. ಅದನ್ನು ಹಿಡಿಯಲು ನಾಲ್ಕಾರು ಆಳು ಬೇಕು. ಆಳುಗಳೂ ಬಂದು ಬೆಂಚಿನ ಮೇಲೆ ಕೂತು ಬ್ರೆಡ್ಡಮ್ಮನ ಅಂಗಡಿಯ ಬನ್ನನ್ನೇ ತಿನ್ನುತ್ತಿದ್ದರು.

ಬ್ರೆಡ್ಡಮ್ಮ ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: “ಅಣ್ಣಾ, ಇವನಿಗೆ ಸಿಟ್ಟು ಬರ್ಲಿಲ್ಲ ಅಂದ್ರೆ ನಿಜವಾಗ್ಲೂ ಕಳಿಸ್ಬಿಡ್ತೀರಾ?”

“ಕಳಿಸೋದಲ್ಲಮ್ಮ, ಗುಡಿಸೋದು,” ಎಂದು ತಿದ್ದಿದೆ.

“ನಮ್ಮ ಯಜಮಾನ್ರು ತೀರ್ಕೊಂಡ ವರ್ಷ ಸೌದೆ ರಾಶೀಲಿ ಸಿಕ್ಕಿದ್ದ ಮೊಟ್ಟೆ ಇದು. ಬೆಳಿಗ್ಗೆ ಎದ್ರೆ ನನಗೆ ಮಾತಾಡ್ಸೋಕೆ ಇರೋದು ಇವನೊಬ್ಬನೇ. ಇವನು ಹೋದ್ರೆ ಒಲೆ ಯಾರಾದ್ರೂ ಹಚ್ಚಿಕೊಡ್ತಾರೆ ಬಿಡಿ. ನಾನೇನ್ ಮಾಡ್ಲಿ?”

ಇದಕ್ಕೆ ಉತ್ತರ ನಿಯಮಾವಳಿಯಲ್ಲಿ ಇರಲಿಲ್ಲ. ನನಗೆ ಸಂಕಟವಾಯಿತು. ಆದರೂ ಸಂಕಟ ಗುಮಾಸ್ತನ ಅಧಿಕಾರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಪರೀಕ್ಷೆಗೆ ಕೂಗಿದೆ.

ಸಾಹೇಬರು ಗೋಡೆಗೆ ಮುಖ ಮಾಡಿ ಕೂತರು. ನಮ್ಮ ಕೆಣಕುಗಾರ ಮುಂದೆ ಬಂದ. ಕೆಣಕುಗಾರ ಎಂಬುದು ಖಾಯಂ ಹುದ್ದೆ, ಡ್ರ್ಯಾಗನ್‌ಗಳನ್ನು ಅವಮಾನಿಸಿ ಸಿಟ್ಟೆಬ್ಬಿಸುವುದು ಕೆಲಸ. ಈತ ಮಾವನ ಶಿಫಾರಸಿನಿಂದ ಸೇರಿದವನು, ಬಹಳ ಮರ್ಯಾದಸ್ಥ. ಮಂಜೂರಾದ ಬೈಗುಳಗಳನ್ನಷ್ಟೇ ಬಳಸುತ್ತಾನೆ. ಡ್ರ್ಯಾಗನ್‌ಗಳ ವಯಸ್ಸು ಖಚಿತವಾಗಿ ಗೊತ್ತಾಗದ ಕಾರಣ ಎಲ್ಲವನ್ನೂ ಬಹುವಚನದಲ್ಲೇ ಬೈಯಬೇಕೆಂದು ಸುತ್ತೋಲೆಯಿದೆ.

“ಮಾನ್ಯರೇ, ತಮ್ಮ ಬಾಲ ಅಷ್ಟೇನೂ ಚೆನ್ನಾಗಿಲ್ಲ,” ಎಂದ ಕೆಣಕುಗಾರ.

ಪುಟ್ಟ ತಿರುಗಿ ಬಾಲ ನೋಡಿಕೊಂಡ. ಸ್ವಲ್ಪ ಯೋಚಿಸಿ, ಹೌದೆಂಬಂತೆ ತಲೆಯಾಡಿಸಿ, ಅದನ್ನು ಬೆಂಚಿನ ಕೆಳಗೆ ಸರಿಸಿದ.

“ಈ ಮುಖಕ್ಕೆ ರೆಕ್ಕೆ ಬೇರೆ ಕೇಡು. ತಪ್ಪು ತಿಳ್ಕೋಬೇಡಿ.”

ಪುಟ್ಟ ತಪ್ಪು ತಿಳಿದುಕೊಳ್ಳಲಿಲ್ಲ. ಆಮೇಲೆ ಬಾಲ ಎಳೆಯುವ ಕ್ರಮ. ಕೆಣಕುಗಾರನಿಗೆ ಸೊಂಟ ನೋವು ಎಂದು ಕಂಡುಕೊಂಡ ಪುಟ್ಟ ಬಾಲವನ್ನು ತಾನೇ ಮೇಲೆತ್ತಿ ಆತನ ಕೈಗೆ ಕೊಟ್ಟ. ಅಷ್ಟರಲ್ಲಿ ಕೆಣಕುಗಾರ ಸೀನಿದ. ಪುಟ್ಟ ಆತನ ಎದೆಯ ಮಟ್ಟಕ್ಕೆ ಮೂತಿ ತಂದು, ಹಾಲು ಬೆಚ್ಚಗಾಗುವಷ್ಟು ಹದವಾಗಿ ಒಮ್ಮೆ ಉಸಿರು ಬಿಟ್ಟ.

“ಏನಾಯ್ತು ಅಲ್ಲಿ?” ಎಂದರು ಸಾಹೇಬರು ಗೋಡೆಗೆ.

“ಹಿತವಾಯ್ತು ಸಾರ್,” ಎಂದ ಕೆಣಕುಗಾರ.

“ಹಿತ ಅನ್ನೋ ಕಾಲಂ ಇಲ್ಲ. ಮುಂದುವರಿಸಿ.”

ಕೊನೆಯ ಅಸ್ತ್ರ, ಸಾಲಿನಲ್ಲಿ ಕಾಯಿಸುವುದು. ನಮ್ಮ ಹಜಾರದಲ್ಲಿ ಕಾಯಿಸಿದರೆ ಎಂಥ ಡ್ರ್ಯಾಗನ್ನಿಗೂ ಪಿತ್ತ ನೆತ್ತಿಗೇರುತ್ತದೆ, ನಿವೃತ್ತ ಉಗ್ರರು ಕೂಡ ಎದ್ದು ಕೂಗಾಡಿದ ಉದಾಹರಣೆ ಇದೆ. ಪುಟ್ಟನನ್ನು ಆ ಕಿಟಕಿಯಿಂದ ಈ ಕಿಟಕಿಗೆ, ಈ ಕಿಟಕಿಯಿಂದ ಆ ಕಿಟಕಿಗೆ ಕಳಿಸಿದೆವು. ಊಟಕ್ಕೆ ಹೋಗಿದ್ದಾರೆ ಎಂದೆವು. ಊಟ ಮಾಡಿ ಬಂದ ಮೇಲೂ ಊಟಕ್ಕೆ ಹೋಗಿದ್ದಾರೆ ಎಂದೆವು. ಅವನು ಸಾಲಿನಲ್ಲಿ ತನ್ನ ಹಿಂದಿದ್ದ ವಯಸ್ಸಾದವರನ್ನೆಲ್ಲ ಮುಂದೆ ಬಿಟ್ಟು ತಾನು ಹಿಂದೆ ಹಿಂದೆ ಸರಿಯುತ್ತಾ ಕೊನೆಗೆ ಬೀದಿಯಲ್ಲಿ ನಿಂತಿದ್ದ. ತಲೆಯ ಮೇಲೆ ಒಂದು ಪಾರಿವಾಳ ಕೂತಿತ್ತು. ಅದು ಏಳದಿರಲಿ ಎಂದು ಅಲುಗಾಡದೆ ನಿಂತಿದ್ದ.

ಇತ್ತ ಬ್ರೆಡ್ಡಮ್ಮ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಿದ್ದರು. ಮುಖ ಕಾದ ಕಾವಲಿಯ ಹಾಗಾಗಿತ್ತು. ತಮ್ಮ ಅವರ ಕೈ ಹಿಡಿದುಕೊಂಡು “ತಡ್ಕೋ ಅಕ್ಕ, ತಡ್ಕೋ” ಎನ್ನುತ್ತಿದ್ದ.

ಪುಟ್ಟನನ್ನು ಮತ್ತೆ ಒಳಗೆ ಕರೆದು ಕುರ್ಚಿಯ ಹಿಂದೆ ನಿಲ್ಲಿಸಿದೆವು. ಸಾಹೇಬರು ಕತ್ತಿನ ಹಿಂಭಾಗ ಮುಟ್ಟಿಕೊಂಡು ನೋಡಿದರು. ತಣ್ಣಗಿತ್ತು.

“ಗರ್ಜನೆ ಇಲ್ಲ, ಬಿಸಿ ಇಲ್ಲ, ಹಾನಿ ಇಲ್ಲ. ಹಲ್ಲಿ ಅಂತ ಬರ್ಕೊಳ್ಳಿ. ಪೊರಕೆಯವರನ್ನ ಕರೀರಿ.”

ಬ್ರೆಡ್ಡಮ್ಮನ ಬಾಯಿಂದ ಶಾಲು ಬಿತ್ತು. ತಮ್ಮ ಅದನ್ನು ಮತ್ತೆ ತುರುಕಲು ಹೋದ, ಆಗಲಿಲ್ಲ. ಕೆಣಕುಗಾರನ ಪಕ್ಕದ ಮೇಜು ಉರುಳಿತು. ಮಸಿ ಕುಡಿಕೆ ಅವನ ಅಂಗಿಯ ಮೇಲೆ ಚೆಲ್ಲಿತು. ಬ್ರೆಡ್ಡಮ್ಮ ನೇರವಾಗಿ ಸಾಹೇಬರ ಕುರ್ಚಿಯ ಹಿಂದೆ ಹೋಗಿ ನಿಂತು, ಅವರ ಕತ್ತಿನ ಮೇಲೆಯೇ ಬಾಯಿಟ್ಟು ಚಳಿ ಬಿಡಿಸಿದರು.

“ಹಲ್ಲಿ? ಯಾರನ್ರೀ ಹಲ್ಲಿ ಅಂತೀರಾ? ಕಣ್ಣಿದ್ರೆ ತಿರುಗಿ ನೋಡ್ರೀ! ಗೋಡೆ ನೋಡ್ಕೊಂಡು ನನ್ನ ಕೂಸಿನ ಗುಣ ಹೇಳೋಕೆ ಬಂದ್ರಾ? ಊರಿಗೆಲ್ಲ ಬ್ರೆಡ್ಡು ಬೇಯಿಸಿ ಕೊಡ್ತಾನೆ, ಇವತ್ತಿನವರೆಗೂ ಒಬ್ಬರ ಒಂದು ಕೂದಲು ಸುಟ್ಟಿಲ್ಲ. ಅದೇ ತಪ್ಪಾಯ್ತಾ? ನಾಲ್ಕು ಮನೆ ಸುಟ್ಟು ಬಂದಿದ್ರೆ ಕೈಮುಗಿದು ಪತ್ರ ಕೊಡ್ತಿದ್ರಿ, ಅಲ್ವಾ? ಒಳ್ಳೆಯವನಾಗಿದ್ದಕ್ಕೆ ಪೊರಕೆ ತಗೊಂಡು ಬಂದ್ರಾ? ಮುಟ್ಟಿ ನೋಡೋಣ! ಅವನ ಬಾಲದ ತುದಿ ಮುಟ್ಟಿ ನೋಡೋಣ!”

ಕಿಟಕಿಯ ಗಾಜೊಂದು ಕಳಚಿ ಬಿತ್ತು. ಹೂಜಿಗಳು ಗಡಗಡ ಎಂದವು. ಪೊರಕೆಯ ಆಳುಗಳು ಬನ್ನು ಬಿಟ್ಟು ಓಡಿದರು. ಪುಟ್ಟ ಹೆದರಿ, ತಲೆಯೊಂದನ್ನಾದರೂ ಅಡಗಿಸಿಕೊಳ್ಳೋಣವೆಂದು ನನ್ನ ಮೇಜಿನ ಕೆಳಗೆ ತೂರಿಸಿಕೊಂಡ.

ಸಾಹೇಬರ ಕತ್ತು ಕೆಂಪಗಾಯಿತು. ಅವರು ಹುರುಪಿನಿಂದ ಗೋಡೆಗೆ ಕೂಗಿದರು: “ಗರ್ಜನೆ ಇದೆ! ಬಿಸಿ ಇದೆ! ಹಾನಿ ಆಗ್ತಾ ಇದೆ! ಬರ್ಕೊಳ್ಳಿ, ಅತ್ಯುಗ್ರ! ನನ್ನ ಸೇವಾವಧಿಯಲ್ಲೇ ಇಂಥ ಡ್ರ್ಯಾಗನ್ ನೋಡಿಲ್ಲ!”

ನೋಡದೇ ಇದ್ದದ್ದು ನಿಜ. ನಾನು ಬರೆದೆ. ಮೊಹರನ್ನೂ ಒತ್ತಿದೆ. ಆಮೇಲೆ ಸಾಹೇಬರು ವಿಧಿಪ್ರಕಾರ ತಿರುಗಿದರು. ಕುರ್ಚಿಯ ಬೆನ್ನಿಗೆ ಅತ್ಯಂತ ಸಮೀಪದಲ್ಲಿ ಬ್ರೆಡ್ಡಮ್ಮ ನಿಂತಿದ್ದರು.

ಕೆಣಕುಗಾರ ಅಂಗಿಯ ಮಸಿ ಒರೆಸುವುದನ್ನು ಬಿಟ್ಟು ನನ್ನ ಕಡೆ ನೋಡಿದ.

“ಸಾರ್, ಇವರು ಬೇಕರಿ...” ಎಂದು ನಾನು ಶುರುಮಾಡಿದೆ.

“ಬರೆದಾಯ್ತಾ?”

“ಆಯ್ತು ಸಾರ್.”

“ಮೊಹರು?”

“ಅದೂ ಆಯ್ತು.”

“ಇನ್ನೇನು ಮತ್ತೆ? ವಿವರ ತುಂಬಿಸಿ.”

ನಾನು ಡ್ರ್ಯಾಗನ್ನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ ವಿವರ ತುಂಬಿದೆ. ರೆಕ್ಕೆ: ಒಂದು, ಉಣ್ಣೆಯದು. ಬಾಲ: ಕಂಡುಬಂದಿಲ್ಲ, ವಿಚಾರಣೆ ಬಾಕಿ. ಬೆಂಕಿ: ಮಾತಿನ ಮೂಲಕ. ಸಾಕ್ಷಿಯಾಗಿ ತಮ್ಮ ಸಹಿ ಹಾಕಿದ. “ಚಿಕ್ಕಂದಿನಿಂದ್ಲೂ ಹೇಳ್ತಾನೇ ಇದ್ದೆ ಸಾರ್, ನಮ್ಮಮ್ಮ ನಂಬ್ಲಿಲ್ಲ,” ಎಂದು ಕಣ್ಣೊರೆಸಿಕೊಂಡ.

ಅತ್ಯುಗ್ರ ಡ್ರ್ಯಾಗನ್ನಿಗೆ ಜೊತೆಯಲ್ಲೇ ವಾಸಿಸುವ ಒಬ್ಬ ಪೋಷಕ ಇರಲೇಬೇಕು. ಅವಮಾನ, ವಿಳಂಬ, ಬಾಲ ಎಳೆತ, ಇವುಗಳಿಗೆ ಜಗ್ಗದವನೇ ಪೋಷಕನಾಗಲು ಅರ್ಹ. ಆ ಪರೀಕ್ಷೆಯನ್ನು ಪುಟ್ಟ ಬೆಳಿಗ್ಗೆಯಿಂದ ನಮ್ಮೆದುರೇ ಪಾಸು ಮಾಡಿದ್ದ. ಬೇರೆ ಅರ್ಜಿದಾರರೂ ಇರಲಿಲ್ಲ. ಪೋಷಕರನ್ನು ಗುಡಿಸಲು ಯಾವ ನಿಯಮದಲ್ಲೂ ಅವಕಾಶವಿಲ್ಲ. ಪುಟ್ಟ ಮೇಜಿನ ಕೆಳಗಿನಿಂದ ತಲೆ ಹೊರತೆಗೆದು, ಚೆಲ್ಲಿದ್ದ ಮಸಿಯಲ್ಲಿ ಉಗುರದ್ದಿ, ಕಾಗದ ಹರಿಯದ ಹಾಗೆ ಬಹಳ ಜೋಪಾನವಾಗಿ ಗುರುತು ಒತ್ತಿದ.

“ನನಗೊಂದೂ ಅರ್ಥ ಆಗ್ಲಿಲ್ಲ,” ಎಂದರು ಬ್ರೆಡ್ಡಮ್ಮ. “ಇವನನ್ನ ಮನೆಗೆ ಕರ್ಕೊಂಡು ಹೋಗ್ಬಹುದಾ?”

“ಇಲ್ಲಮ್ಮ,” ಎಂದೆ. “ಅವರು ನಿಮ್ಮನ್ನ ಕರ್ಕೊಂಡು ಹೋಗ್ತಾರೆ.”

ಬ್ರೆಡ್ಡಮ್ಮ ಪುಟ್ಟನ ಕತ್ತಿಗೆ ಮುಖ ಒತ್ತಿ ಅತ್ತರು. ಅಳು ಅತ್ಯುಗ್ರರಿಗೆ ತಕ್ಕದ್ದಲ್ಲವಾದ್ದರಿಂದ ಸಾಹೇಬರು ಮತ್ತೆ ಗೋಡೆಯತ್ತ ತಿರುಗಿದರು.

ಊರು ಬೇಗ ಹೊಂದಿಕೊಂಡಿತು. ಬೇಕರಿಯ ಮುಂದೆ ‘ಎಚ್ಚರಿಕೆ, ಒಳಗೆ ಡ್ರ್ಯಾಗನ್ ಇದೆ’ ಎಂಬ ಫಲಕ ಬಿತ್ತು. ಶಾಲೆಯ ಮಕ್ಕಳನ್ನು ನೋಡಲು ಕರೆತರುತ್ತಾರೆ. ಬ್ರೆಡ್ಡಮ್ಮ ಮೊರದಗಲದ ಮರದ ಸೌಟು ಹಿಡಿದು “ಏನ್ರೋ ಗಲಾಟೆ!” ಎಂದು ಹೊರಗೆ ಬಂದರೆ ಮಕ್ಕಳು ಕಿರುಚಿ ಪೋಷಕನ ರೆಕ್ಕೆಯ ಕೆಳಗೆ ಅವಿತುಕೊಳ್ಳುತ್ತವೆ. ಡ್ರ್ಯಾಗನ್‌ಗಳ ಸ್ವಭಾವದ ಬಗ್ಗೆ ಪಾಠಪುಸ್ತಕವನ್ನೂ ತಿದ್ದಿದ್ದಾರೆ.

ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊನ್ನೆ ಪುಟ್ಟ ತನ್ನ ಡ್ರ್ಯಾಗನ್ನನ್ನು ಕರೆದುಕೊಂಡು ಬಂದಿದ್ದ. ತೊಂದರೆಯಾದದ್ದು ಏನೆಂದರೆ, ಬ್ರೆಡ್ಡಮ್ಮ ತುಂಬ ಸಂತೋಷವಾಗಿದ್ದರು. ಕೆಣಕುಗಾರ “ತಮ್ಮ ಬಾಲ ಅಷ್ಟೇನೂ ಚೆನ್ನಾಗಿಲ್ಲ” ಎಂದರೆ ಬಿದ್ದು ಬಿದ್ದು ನಕ್ಕರು. ಹಜಾರದಲ್ಲಿ ಕಾಯಿಸಿದರೆ ಎಲ್ಲರಿಗೂ ಬನ್ನು ಹಂಚಿದರು. ಸಿಟ್ಟೇ ಇಲ್ಲ. ಸಿಟ್ಟಿಲ್ಲದಿದ್ದರೆ ಡ್ರ್ಯಾಗನ್ ಅಲ್ಲ, ಡ್ರ್ಯಾಗನ್ ಇಲ್ಲದಿದ್ದರೆ ಪೋಷಕ ಇಲ್ಲ, ಪೋಷಕ ಅಲ್ಲದಿದ್ದರೆ ಪುಟ್ಟ ಮತ್ತೆ ಹಲ್ಲಿ. ಪೊರಕೆ ಇನ್ನೂ ಹಜಾರದಲ್ಲೇ ಇದೆ. ಪುಟ್ಟ ಒಮ್ಮೆ ಪೊರಕೆಯನ್ನೂ ಒಮ್ಮೆ ನನ್ನನ್ನೂ ನೋಡಿದ.

ಸಾಹೇಬರು ಗೋಡೆಗೆ ಮುಖ ಮಾಡಿ ಕತ್ತು ಮುಟ್ಟಿಕೊಳ್ಳುತ್ತಿದ್ದರು. “ಏನ್ರೀ, ತಣ್ಣಗಿದೆಯಲ್ಲ?”

ಗುಮಾಸ್ತ ಪರೀಕ್ಷೆಯಲ್ಲಿ ಬಾಯಿ ಹಾಕಬಾರದು. ನನ್ನ ಇಡೀ ನೌಕರಿಯಲ್ಲಿ ಹಾಕಿದವನೂ ಅಲ್ಲ. ಆದರೂ ಕಾಗದದ ಮೇಲೆ ಬಗ್ಗಿ, ನನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ ಅಂದೆ: “ಈ ನಡುವೆ ಬ್ರೆಡ್ಡಿಗೆ ಉಪ್ಪು ಕಮ್ಮಿ ಅಂತ ಜನ ಮಾತಾಡ್ಕೋತಾರೆ.”

ಆಗ ಚಾವಣಿಯಿಂದ ಉದುರಿದ ಗಾರೆಯನ್ನು ಮತ್ತೆ ಮೆತ್ತಿಸಲು ಮಂಜೂರಾತಿ ಕೇಳಿದ್ದೇವೆ. ಹೂಜಿಗಳು ಒಡೆದುಹೋದವು. ನನ್ನ ವಂಶಾವಳಿಯ ಬಗ್ಗೆ ನನಗೇ ಗೊತ್ತಿರದ ಸಂಗತಿಗಳು ಬ್ರೆಡ್ಡಮ್ಮನ ಬಾಯಿಂದ ತಿಳಿದವು. ಸಾಹೇಬರು ಕತ್ತಿಗೆ ಒದ್ದೆ ಬಟ್ಟೆ ಹಾಕಿಕೊಂಡು, ಕಣ್ತುಂಬಿ, ನವೀಕರಣಕ್ಕೆ ಸಹಿ ಮಾಡಿದರು.

ಪುಟ್ಟ ಪೋಷಕರಿಗೆ ಮೀಸಲಾದ ಬೆಂಚಿನ ಮೇಲೆ, ಮುಂಗಾಲು ಮಡಚಿಕೊಂಡು ಕೂತಿದ್ದ. ಸಾಲಿನಲ್ಲಿದ್ದ ಹಿರಿಯರೊಬ್ಬರು ಅವನ ಭುಜ ತಟ್ಟಿ, “ಪಾಪ, ಇಂಥವರನ್ನ ಹೇಗಪ್ಪಾ ಸಾಕ್ತೀಯ?” ಎಂದು ಮರುಗಿದರು.

ಪುಟ್ಟ ಮರ್ಯಾದೆಗೆ ಒಂದು ನಿಟ್ಟುಸಿರು ಬಿಟ್ಟ. ಆಮೇಲೆ ಎದ್ದು ಹೋಗಿ, ಇನ್ನೂ ನನ್ನನ್ನು ಬೈಯುತ್ತಲೇ ಇದ್ದ ಬ್ರೆಡ್ಡಮ್ಮನ ಹೆಗಲಿನಿಂದ ಜಾರಿದ್ದ ಶಾಲನ್ನು ಹಲ್ಲಿನಲ್ಲಿ ಎತ್ತಿ ಸರಿಯಾಗಿ ಹೊದಿಸಿದ, ಮತ್ತು ಮನೆಗೆ ಕರೆದುಕೊಂಡು ಹೋದ.