ಮಾವ ಹಿಂಡಿದ ಕಾಫಿ

ನಮ್ಮ ಸೋದರಮಾವ ಕಾಫಿಯನ್ನು ಕುಡಿದು ನೋಡುವುದಿಲ್ಲ, ಹಿಂಡಿ ನೋಡುತ್ತಾರೆ! ನಂಬಿಕೆ ಬರುವುದಿಲ್ಲವೇ? ನನಗೂ ಬಂದಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಕಳೆದವನಾದ್ದರಿಂದ ಎಲ್ಲದಕ್ಕೂ ಸಾಕ್ಷಿ ಕೇಳುವುದು ನನ್ನ ಚಟ. ನನ್ನ ನೆನಪನ್ನೂ ಕೇಳುತ್ತೇನೆ, ಅದು ಬೆಬ್ಬೆಬ್ಬೆ ಅನ್ನುತ್ತದೆ. ಈ ಪ್ರಸಂಗಕ್ಕೆ ಮಾತ್ರ ನನ್ನ ಹೆಬ್ಬೆರಳಿನ ಸುಟ್ಟ ಕಲೆ ಇದೆ, ತೋರಿಸಬಲ್ಲೆ.

ಮಾವ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಮೇಸ್ತ್ರಿಯಾಗಿ ಜೀವಮಾನ ಸವೆಸಿದವರು. ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿಯನ್ನು ಮುಷ್ಟಿಯಲ್ಲಿ ಅಮುಕಿ ನೋಡುವರು. ಬೆರಳಿಗೆ ಜಿಡ್ಡು ಹತ್ತಿತೋ, ಯಂತ್ರ ಬಂದ್! ಹಿಂಡಿ ಒಣಗಿದ್ದರೆ ಯಂತ್ರ ಒಳ್ಳೆಯದು, ಒದ್ದೆಯಿದ್ದರೆ ಕೆಟ್ಟದ್ದು. ಅವರ ಲೋಕಜ್ಞಾನವೆಲ್ಲ ಇಷ್ಟೇ. ಒಗೆದ ಪಂಚೆ, ನಿಂಬೆಹಣ್ಣು, ಮಗಳನ್ನು ನೋಡಲು ಬಂದ ವರನ ಅಂಗೈ ಎಲ್ಲವನ್ನೂ ಹಾಗೇ ಅಮುಕಿ ನೋಡಿದವರು. ಆ ವರ ಆಮೇಲೆ ಅಳಿಯನೂ ಆದ. ಈಗಲೂ ಮಾವನಿಗೆ ದೂರದಿಂದಲೇ ಕೈ ಮುಗಿಯುತ್ತಾನೆ.

ಅತ್ತೆ ಮೊಳಕಾಲ್ಮೂರಿನ ನೇಕಾರರ ಮನೆಯವರು. ಹಿತ್ತಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಪಟ್ಟಿ ಬಿಚ್ಚಿದ ಮೇಲೂ ಕೈಗೆ ತಿರುವುವ ಬಲ ಬರಲಿಲ್ಲ. ಮನೆಯ ಕಾಫಿ ಫಿಲ್ಟರಿನ ಮೇಲಿನ ಪಾತ್ರೆಯೋ, ಬಿಸಿಗೆ ಕಚ್ಚಿಕೊಂಡರೆ ತಿರುವದೆ ಬಿಡುವ ಜಾತಿಯದಲ್ಲ. ಒಂದು ಬೆಳಿಗ್ಗೆ ಅತ್ತೆ, “ಇದೊಂದು ಬಿಡಿಸಿ ಕೊಡ್ರಿ” ಎಂದರು. ಮಾವ ಪೇಪರಿನಿಂದ ತಲೆಯೆತ್ತದೆ “ತಡಿ” ಎಂದರು. ಅತ್ತೆ ತಡೆದರು. ಹತ್ತು ಗಂಟೆಯವರೆಗೆ ತಡೆದು, ಚೀಲ ಹಿಡಿದು, ಮೊಳಕಾಲ್ಮೂರಿನ ಬಸ್ಸು ಹತ್ತಿ ಅಣ್ಣನ ಮನೆಗೆ ಹೊರಟೇಹೋದರು!

“ಒಂದು ಲೋಟ ಕಾಫಿಗೆ ಬೇಡಿಕೊಳ್ಳೋ ಮನೆಗೆ ನಾ ಬರಾಕಿಲ್ಲ” ಎಂದು ನನಗೆ ಫೋನಿನಲ್ಲಿ ಹೇಳಿದರು.

ಎರಡು ತಿಂಗಳಾಯಿತು. ಮಾವ ಹೋಟೆಲಿನ ಇಡ್ಲಿ ತಿಂದು ಸೊರಗಿದರು. ಕೇಳಿದರೆ, “ಮನೆ ತಣ್ಣಗೈತೆ ಬಿಡಲೇ” ಎನ್ನುವರು. ಕೊನೆಗೆ ನಾನೇ, “ತಿರುವೋ ಕೆಲಸವೇ ಇಲ್ಲದ ಸಾಮಾನು ಐತೆ ಮಾವ. ಮೇಲಿಂದ ಒತ್ತಿದರೆ ಸಾಕು” ಎಂದು ನನ್ನ ಫ್ರೆಂಚ್ ಪ್ರೆಸ್ ಒಯ್ದು ತೋರಿಸಿದೆ. ಒಂದು ಗಾಜಿನ ಜಗ್ಗು, ಅದರೊಳಗೆ ಹಿಡಿಗೆ ಕಟ್ಟಿದ ಜರಡಿ. ಪುಡಿ, ಬಿಸಿನೀರು ಹಾಕಿ ನಾಲ್ಕು ನಿಮಿಷ ಬಿಟ್ಟು ಮೆಲ್ಲಗೆ ಇಳಿಸಿದರಾಯಿತು.

“ಒತ್ತೋದಾ? ಅದು ನಮ್ಮ ಕಸುಬಲ್ವೇನೋ!”

ಮೆಲ್ಲಗೆ ಎನ್ನುವ ಮಾತು ಅವರ ಕಿವಿಗೆ ಬೀಳಲಿಲ್ಲ. ಕಾಲು ಅಗಲಿಸಿ ನಿಂತು, ಎರಡೂ ಅಂಗೈ ಊರಿ, ಇಡೀ ದೇಹವನ್ನೇ ಅದರ ಮೇಲೆ ಬಿಟ್ಟರು. ಟಪ್! ಜಗ್ಗು ಒಡೆದು ಬಿಸಿ ಕಾಫಿ ನನ್ನ ಕೈಮೇಲೆ! ನಾನು ಕಿರುಚುತ್ತಿದ್ದರೆ ಮಾವ ಗಾಜಿನ ಚೂರು ಸರಿಸಿ, ನೆಲದಿಂದ ಕಾಫಿ ಚರಟ ಎತ್ತಿ ಮುಷ್ಟಿಯಲ್ಲಿ ಹಿಂಡುತ್ತಿದ್ದಾರೆ!

“ಇನ್ನೂ ಒದ್ದೆ ಐತಲ್ಲೋ. ನಿನ್ನ ಮಿಷನ್ ಸರಿ ಇಲ್ಲ.”

ಮರುದಿನ ಪಾತ್ರೆ ಅಂಗಡಿಗೆ ಹೋದೆವು. ಅಲ್ಲಿ ಮೂರು ಬಗೆಯ ಪ್ರೆಸ್ಸುಗಳು ಹೂದಾನಿಗಳ ಜೊತೆ ಧೂಳು ತಿನ್ನುತ್ತಿದ್ದವು. ಮಾವ ಕೈಚೀಲದಿಂದ ಬಿಸಿನೀರಿನ ಫ್ಲಾಸ್ಕು ತೆಗೆದರು, ಕಾಫಿಪುಡಿ ತೆಗೆದರು, ಚಮಚ ತೆಗೆದರು. ಅಂಗಡಿಯವನು ಗಾಬರಿಯಾದ.

“ಮೇಸ್ತ್ರಿ, ಇದು ಪಾತ್ರೆ ಅಂಗಡಿ ರೀ, ಹೋಟ್ಲು ಅಲ್ಲ!”

“ಮಿಷನ್ ಓಡಿಸಿ ನೋಡದೇ ತಗೊಳ್ಳೋಕೆ ನಾನೇನು ಹುಚ್ಚನೇನಯ್ಯಾ?”

ಮೊದಲನೆಯದರ ಚರಟ ಮರಳಿನಂತೆ ಉದುರಿತು. ಇದೇ ಗ್ಯಾರಂಟಿ ಎಂದುಕೊಂಡೆ. ಮಾವ ಅದನ್ನು ಪಕ್ಕಕ್ಕಿಟ್ಟರು. ಎರಡನೆಯದನ್ನೂ ಇಟ್ಟರು. ಮೂರನೆಯದು ಸ್ಟೀಲಿನದು, ಜರಡಿ ಸಡಿಲ. ಚರಟ ಹಿಂಡಿದರೆ ಮೊಣಕೈವರೆಗೆ ಕಾಫಿ ಇಳಿಯಿತು. ಮಾವ ಅದನ್ನೇ ಎದೆಗವುಚಿಕೊಂಡರು!

ನಾನು ದಂಗಾದೆ. “ಮಾವ, ಇದರ ಚರಟ ಕೆಸರು ಇದ್ದಂಗೆ ಐತೆ!”

“ಇರ್ಲಿ ಬಿಡಲೇ. ನಿಮ್ಮತ್ತೆ ಕೈಗೆ ಇದೊಂದೇ ಇಳಿಯೋದು.”

ಆಗಲೇ ನನಗೆ ಹೊಳೆದದ್ದು: ಮೂರನ್ನೂ ಅವರು ಎಡಗೈಯ ಎರಡೇ ಬೆರಳಲ್ಲಿ ಒತ್ತಿದ್ದರು. ಎರಡೇ ಬೆರಳೇ? ಹೌದೆಂದೇ ನನ್ನ ನೆನಪು.

ಮೊಳಕಾಲ್ಮೂರಿನಲ್ಲಿ ಮಾವ ನೇರವಾಗಿ ಅತ್ತೆಯ ಅಣ್ಣನ ಅಡುಗೆಮನೆ ಹೊಕ್ಕರು. ಮದುವೆಯಾದಾಗಿನಿಂದ ಒಲೆ ಹಚ್ಚದವರು ನೀರು ಕಾಯಿಸಿದರು. ಪುಡಿ ನೆನೆದ ಮೇಲೆ ಪ್ರೆಸ್ಸನ್ನು ಅತ್ತೆಯ ಮುಂದಿಟ್ಟು, “ಒತ್ತು” ಎಂದರು.

ಅತ್ತೆ ಅನುಮಾನದಿಂದ ಎಡ ಅಂಗೈ ಇಟ್ಟರು. ಜರಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಬಿಸಿ ಹಾಲು ಬೆರೆಸಿ ಒಂದು ಗುಟುಕು ಕುಡಿದು, ನಾಲಿಗೆಯ ಮೇಲಿನ ಪುಡಿಯನ್ನು ಬೆರಳಲ್ಲಿ ತೆಗೆದರು.

“ಅಯ್ಯೋ ದೇವುಡಾ! ಬಾಯಿತುಂಬ ಪುಡಿ. ಇಷ್ಟೆಲ್ಲಾ ಯಾಕೆ ಬೇಕಿತ್ತು ನಿಮಗೆ? ಅವತ್ತು ಆ ಫಿಲ್ಟರ್ ಬಿಡಿಸಿ ಕೊಟ್ಟಿದ್ರೆ ಮುಗೀತಿತ್ತಲ್ಲ?”

ನಾನು ನಗಲು ಬಾಯಿ ತೆರೆದಿದ್ದೆ.

“ಇರೋತನಕ ಬಿಡಿಸಿ ಕೊಡ್ತೀನಿ ಕಣೆ” ಎಂದರು ಮಾವ. “ಆಮೇಲೆ ಯಾರನ್ನ ಕೇಳ್ತೀಯಾ?”

ತೆರೆದ ಬಾಯಿ ಹಾಗೇ ಮುಚ್ಚಿತು. ಅತ್ತೆ ಲೋಟದಲ್ಲಿದ್ದುದನ್ನು ಪುಡಿಸಮೇತ ಕುಡಿದು ಮುಗಿಸಿ, ಒಳಗೆ ಹೋಗಿ ಎಡಗೈಯಲ್ಲೇ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು. ಮಾವ ಎದ್ದು ಹೋಗಿ ಚೀಲದ ಬಾಯಿ ಅಗಲಿಸಿ ಹಿಡಿದು ನಿಂತರು.