ಬುತ್ತಿ ಹೊರಗೆ ಹೋಗುವ ಬಾಗಿಲು

ದೊಡ್ಡಪ್ಪನ ತೊಂದರೆಗೆಲ್ಲ ಕಾರಣ ಅವನ ನಿಯತ್ತು. ಬೇರೆ ಯಾರಾದರೂ ಆಗಿದ್ದರೆ ಆ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಕೈ ಪಳಗಿಸಿಕೊಳ್ಳಲು 'ಸಕ್ಕರೆ, ಒಂದು ಮೂಟೆ' ಎಂದು ಸುಮ್ಮನೆ ಒತ್ತಿ ಎದ್ದುಬಿಡುತ್ತಿದ್ದರು. ಬಾರದ ಸಕ್ಕರೆಯನ್ನು ಬಂತು ಎಂದು ಬರೆಯಲು ದೊಡ್ಡಪ್ಪನಿಗೆ ಮನಸ್ಸು ಒಪ್ಪಲಿಲ್ಲ. ಆ ಹೊತ್ತಿಗೆ ನಿಜವಾಗಿ ಹೊರಗಿನಿಂದ ಒಳಗೆ ಬಂದದ್ದು ಒಂದೇ, ಹೆಂಡತಿ ಕಟ್ಟಿಕೊಟ್ಟ ಬುತ್ತಿ. ಅದನ್ನೇ ಬರೆದ.

ಅದೊಂದು ಜ್ಯಾಮ್ ಮಾಡುವ ಕಂಪನಿ. ದೊಡ್ಡಪ್ಪ ಅಲ್ಲಿಯ ಉಗ್ರಾಣ ನೋಡಿಕೊಳ್ಳುವವನು. ಯಾರಿಗೂ ಅವನು ನಿಜವಾದ ದೊಡ್ಡಪ್ಪನಲ್ಲ. ಯಜಮಾನರಿಂದ ಹಿಡಿದು ಲಾರಿಯವನ ತನಕ ಎಲ್ಲರೂ ಹಾಗೇ ಕರೆದೂ ಕರೆದೂ ಅದೇ ಹೆಸರಾಗಿ ನಿಂತಿತ್ತು. ವಯಸ್ಸಿಗಿಂತ ಮೊದಲೇ ಮುಪ್ಪು ಬಂದದ್ದು ಅವನ ಮಂಡಿಗಳಿಗೆ. ಮೂಟೆ ಹೊತ್ತ ಮಂಡಿ. ಸ್ವಲ್ಪ ತಂಪು ತಗುಲಿದರೆ ಸಾಕು, ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು.

ಕಂಪನಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಕೆಲಸಗಾರರು ಅದನ್ನು 'ಸಿಸ್ಟಮ್' ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ, ಊರಿನಿಂದ ಬಂದಿಳಿದ ಅತ್ತೆಯ ಬಗ್ಗೆ ಸೊಸೆಯಂದಿರು ಮಾತಾಡುವ ಹಾಗೆ. ಹಣ್ಣು ಬಂದರೆ ಅದಕ್ಕೆ ಹೇಳಬೇಕು. ಯಾವ ಮೂಟೆಯ ಸಕ್ಕರೆ ಯಾವ ಬಾಟಲಿಗೆ ಹೋಯಿತು, ಆ ಬಾಟಲಿ ಯಾವ ಅಂಗಡಿಗೆ ಹೋಯಿತು, ಎಲ್ಲ ಹೇಳಬೇಕು. ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಬಾಟಲಿಯ ಬೆನ್ನು ಹಿಡಿದು ಹಣ್ಣಿನ ತೋಟದವರೆಗೂ ಹೋಗಬಹುದಂತೆ. ಒಳ್ಳೆಯದೇ. ಆದರೆ ಅದಕ್ಕೆ ಹೇಳದೆ ಒಂದು ಮುಚ್ಚಳವೂ ಅಲ್ಲಾಡುವಂತಿಲ್ಲ.

ಅಂದು ಅದರ ಮೊದಲ ದಿನ. ಯಜಮಾನರು ಬೆಳಿಗ್ಗೆಯೇ ಇಬ್ಬರು ಉಗ್ರಾಣದವರನ್ನೂ ಕರೆದು ಹೇಳಿದ್ದರು. "ಕೋಲ್ಡ್ ರೂಮ್ ನೋಡ್ಕೊಳ್ತಿದ್ದವರು ಕೆಲಸ ಬಿಟ್ರು. ನಿಮ್ಮಲ್ಲಿ ಒಬ್ಬರು ಅಲ್ಲಿಗೆ ಹೋಗ್ಬೇಕು. ಇನ್ನೊಬ್ಬರು ಇಲ್ಲೇ, ಕಿಟಕಿ ಹತ್ರ, ಕಂಪ್ಯೂಟರ್ ಮುಂದೆ ಕುರ್ಚೀಲಿ. ದೊಡ್ಡಪ್ಪ, ನೀವು ಹಿರಿಯರು, ಮೊದಲ ಅವಕಾಶ ನಿಮಗೆ. ಸಂಜೆ ಲಾರಿ ಸಿಸ್ಟಮ್ ಮೂಲಕ ಸರಿಯಾಗಿ ಹೊರಟರೆ ಕುರ್ಚಿ ನಿಮ್ಮದು."

ಕುರ್ಚಿಗೆ ಮೆತ್ತೆ ಇತ್ತು. ಮಧ್ಯಾಹ್ನ ತಿರುಗಿದರೆ ಕಿಟಕಿಯಿಂದ ಬಿಸಿಲು ಅದರ ಮೇಲೇ ಬೀಳುತ್ತಿತ್ತು. ದೊಡ್ಡಪ್ಪನ ಮಂಡಿಗಳು ಅದನ್ನು ನೋಡಿದ ರೀತಿಯನ್ನು ಯಾರಾದರೂ ಗಮನಿಸಿದ್ದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಇನ್ನೊಬ್ಬ ಉಗ್ರಾಣದವನನ್ನು ಎಲ್ಲರೂ ಗಡ್ಡದವ ಅನ್ನುತ್ತಿದ್ದರು. ಅವನು ಪಕ್ಕದಲ್ಲೇ ನಿಂತು, "ನಿಮಗೇ ಸಿಗ್ಲಿ ದೊಡ್ಡಪ್ಪ, ನಾನು ಹೇಗೋ ಸ್ವೆಟರ್ ಹಾಕ್ಕೊಂಡು ಬದುಕ್ತೀನಿ" ಎಂದು, ಆಗಲೇ ನಡುಗತೊಡಗಿದವನಂತೆ ಕೈ ಉಜ್ಜಿಕೊಂಡ.

ಸಿಸ್ಟಮ್ಮಿನಲ್ಲಿ ಎರಡು ಪರದೆ. ಅಭ್ಯಾಸಕ್ಕೆ ಹಳದಿ ಅಂಚಿನದು, ನಿಜವಾದ ಕೆಲಸಕ್ಕೆ ಹಸಿರು ಅಂಚಿನದು. ರಸ್ತೆಯ ಸಿಗ್ನಲ್ ದೀಪ ನೋಡಿ ನಡೆದು ಬಂದ ದೊಡ್ಡಪ್ಪನಿಗೆ ಹಳದಿಯೆಂದರೆ ತಡೆ, ಹಸಿರೆಂದರೆ ಭಯವಿಲ್ಲ, ಹೋಗಬಹುದು. ಅಭ್ಯಾಸಕ್ಕೆ ಭಯವಿಲ್ಲದ್ದೇ ಇರಲಿ ಎಂದು ಹಸಿರನ್ನು ತೆರೆದ.

ಸರಕು ಏನು ಎಂದು ಕೇಳಿತು. ಬುತ್ತಿ. ಎಷ್ಟು? ಒಂದು. ಯಾವಾಗ ಕೆಡುತ್ತದೆ? ಇವತ್ತು ಸಂಜೆ, ಅನ್ನ ಮತ್ತು ಹುರಿದ ಬದನೆಕಾಯಿ, ಅದಕ್ಕಿಂತ ಹೆಚ್ಚು ತಾಳದು. ಪೂರೈಸಿದವರು ಯಾರು? ಇಲ್ಲಿ ದೊಡ್ಡಪ್ಪನ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಮದುವೆಯಾದಾಗಿನಿಂದ ಬುತ್ತಿ ಬರುತ್ತಲೇ ಇತ್ತು, ಯಾರು ಪೂರೈಸಿದ್ದು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. 'ನನ್ನ ಹೆಂಡತಿ' ಎಂದು ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದ. ಪಕ್ಕದ ಯಂತ್ರದಿಂದ ಚಿಕ್ಕದೊಂದು ಲೇಬಲ್ ಹೊರಬಂತು. ಖುಷಿಯಾಗಿ ಅದನ್ನು ಬುತ್ತಿಯ ಡಬ್ಬಿಗೆ ಅಂಟಿಸಿದ. ಮಧ್ಯಾಹ್ನ ಊಟ ಮಾಡಿ, ಡಬ್ಬಿ ತೊಳೆದು, ಬಿಸಿಲಿಗೆ ಬೋರಲು ಹಾಕಿದ.

ಲಾರಿ ತುಂಬಿ ನಿಂತಾಗ ಪರದೆ ಕೆಂಪಾಯಿತು.

'ಇಂದು ಅವಧಿ ಮುಗಿಯುವ ಸರಕು ಉಗ್ರಾಣದಲ್ಲಿದೆ: ಬುತ್ತಿ, ಒಂದು. ಅದು ವಿಲೇವಾರಿಯಾಗುವ ತನಕ ಲಾರಿ ಹೊರಡುವಂತಿಲ್ಲ.'

ದೊಡ್ಡಪ್ಪ ಕನ್ನಡಕ ಒರೆಸಿ ಮತ್ತೆ ಓದಿದ. ಬದಲಾಗಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯವನಿಗೆ ಫೋನ್ ಮಾಡಿದ.

"ಅಳಿಸ್ಬಿಡಪ್ಪಾ, ತಪ್ಪಾಗಿ ಬರೆದುಬಿಟ್ಟೆ."

"ಅಳಿಸೋಕಾಗಲ್ಲ ಸಾರ್," ಅಂದಿತು ಆ ಕಡೆಯ ದನಿ, ಹೆಮ್ಮೆಯಿಂದ. "ತಿನ್ನೋ ಸಾಮಾನು ನೋಡಿ. ಅಳಿಸೋ ಬಟನ್ ಕೊಟ್ರೆ ಎಲ್ಲರೂ ಕೆಟ್ಟು ಹೋದದ್ದನ್ನ ಅಳಿಸ್ತಾ ಕೂತ್ಕೊಳ್ತಾರೆ. ಅದಕ್ಕೇ ಅದನ್ನ ಇಟ್ಟೇ ಇಲ್ಲ. ಒಳಗೆ ಬಂದದ್ದು ಮೂರು ಬಾಗಿಲಲ್ಲಿ ಒಂದರಿಂದ ಹೊರಗೆ ಹೋಗ್ಬೇಕು. ಅಡುಗೆಗೆ ಹಾಕಿ, ಇಲ್ಲಾ ಮಾರಿ, ಇಲ್ಲಾ ಸಾಕ್ಷಿ ಇಟ್ಕೊಂಡು ನಾಶ ಮಾಡಿ."

"ತಿಂದುಬಿಟ್ಟಿದ್ರೆ?"

"ತಿನ್ನೋದಾ? ಅದಕ್ಕೆ ಬಾಗಿಲಿಲ್ಲ ಸಾರ್."

ದೊಡ್ಡಪ್ಪ ಫೋನ್ ಕೆಳಗಿಟ್ಟು ಯೋಚಿಸಿದ. ಜಗತ್ತಿಗೆಲ್ಲ ತಿನ್ನಿಸುವ ಕಂಪನಿ. ಬೇಯಿಸಿದೆವು, ತುಂಬಿದೆವು, ಕಳಿಸಿದೆವು ಅನ್ನಲು ಜಾಗವಿದೆ. ತಿಂದೆವು ಅನ್ನಲು ಜಾಗವಿಲ್ಲ.

ಲಾರಿಯವನು ಕಿಟಕಿಯಲ್ಲಿ ತಲೆ ಹಾಕಿದ. "ದೊಡ್ಡಪ್ಪಾ, ಎಂಜಿನ್ ಆರಿಸ್ಲಾ, ಇಲ್ಲಾ ಹಾಸಿಗೆ ಹಾಸ್ಲಾ?"

"ತಡಿಯೋ ಮಾರಾಯ, ಒಂದು ಬುತ್ತಿ ಅಡ್ಡ ಬಂದಿದೆ."

"ಬುತ್ತಿ ಅಡ್ಡ ಬಂದ್ರೆ ನನಗೆ ಹೇಳಿ, ನಿಮಿಷದಲ್ಲಿ ಖಾಲಿ ಮಾಡ್ತೀನಿ."

ಗಡ್ಡದವನ ಮುಖದಲ್ಲಿ ಸಹಾಯ ಮಾಡುವ ಕಳೆ ಬಂತು. "ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೊಳ್ತಾರಾ ದೊಡ್ಡಪ್ಪ? ಅಡುಗೆ ಅಂತ ಬಾಗಿಲು ಇದೆ ತಾನೆ? ಇವತ್ತಿನ ಜ್ಯಾಮಿಗೆ ಹಾಕಿದೀವಿ ಅಂತ ಒತ್ತಿದ್ರೆ ಆಯ್ತು. ಪರದೆ ಮೇಲೆ ಹಾಕೋದು, ಬಾಟಲಿಗೆ ಏನಾಗುತ್ತೆ?" ಎನ್ನುತ್ತಲೇ ಒತ್ತಿಬಿಟ್ಟ.

ಕೆಂಪು ಹೋಯಿತು. ದೊಡ್ಡಪ್ಪ ಉಸಿರು ಬಿಡುವಷ್ಟರಲ್ಲಿ ಪಕ್ಕದ ಕೋಣೆಯ ದೊಡ್ಡ ಯಂತ್ರ ಗರಗರ ಶುರುಮಾಡಿತು. ಅದು ಬಾಟಲಿಯ ಲೇಬಲ್ ಅಚ್ಚು ಹಾಕುವ ಯಂತ್ರ. ಜ್ಯಾಮಿಗೆ ಹೊಸ ಪದಾರ್ಥ ಬಿದ್ದಿತೆಂದು ತಾನೇ ತಿಳಿದುಕೊಂಡು, ಮದುವೆ ಮನೆಯಲ್ಲಿ ಎಲೆ ಹಾಸುವವರ ಚುರುಕಿನಿಂದ ಹೊಸ ಲೇಬಲ್ ಹೊರಹಾಕತೊಡಗಿತು: 'ಸ್ಟ್ರಾಬೆರಿ ಜ್ಯಾಮ್. ಇದರಲ್ಲಿರುವುದು: ಹಣ್ಣು, ಸಕ್ಕರೆ, ಬುತ್ತಿ.'

ಆ ಲೇಬಲನ್ನು ಕೈಯಲ್ಲಿ ಹಿಡಿದುಕೊಂಡೇ ಲ್ಯಾಬ್ ಮೇಡಂ ಬಂದರು. ಜ್ಯಾಮಿನ ಗುಣಮಟ್ಟ ನೋಡುವವರು. ಬಿಳಿ ಕೋಟು, ಬಿಳಿ ಟೋಪಿ. ನಗು ಕೂಡ ಪರೀಕ್ಷೆಯಾಗದೆ ಹೊರಗೆ ಬರುತ್ತಿರಲಿಲ್ಲ.

"ಯಾವ ಹಣ್ಣು ಇದು, ಬುತ್ತಿ?"

ದೊಡ್ಡಪ್ಪ ನಡೆದದ್ದನ್ನೆಲ್ಲ ಹೇಳಿದ. ಸುಳ್ಳು ಹೇಳಲು ಬರುತ್ತಿದ್ದರೆ ಬೆಳಿಗ್ಗೆಯೇ ಸಕ್ಕರೆ ಎಂದು ಬರೆಯುತ್ತಿದ್ದನಲ್ಲ. ಮೇಡಂ ಕೇಳಿಸಿಕೊಂಡು, ಪರದೆಯ ಮೇಲೇ ಜ್ಯಾಮಿನಿಂದ ಬುತ್ತಿಯನ್ನು ಉಗ್ರಾಣಕ್ಕೆ ವಾಪಸ್ ಕಳಿಸಿದರು. ಪರದೆ ಮತ್ತೆ ಕೆಂಪಾಯಿತು.

"ಬುತ್ತಿ ಮಾರೋ ಹಾಗಿಲ್ಲ, ಇನ್ನು ಉಳಿದದ್ದು ನಾಶ ಮಾಡೋದು. ತೋರಿಸಿ, ಎಲ್ಲಿದೆ?"

"ಹೊಟ್ಟೇಲಿದೆ ಮೇಡಂ."

"ನಾನು ಕಣ್ಣಾರೆ ನೋಡದೆ ಸಹಿ ಹಾಕಲ್ಲ."

"ನೋಡೋದು ಕಷ್ಟ ಮೇಡಂ."

ಮೇಡಂ ನಗಲಿಲ್ಲ. ಪರದೆಯನ್ನು ಕೆಳಗೆ ಸರಿಸಿ ಇನ್ನೊಂದು ತಪ್ಪು ಹುಡುಕಿದರು. ಪೂರೈಸಿದವರು: ನನ್ನ ಹೆಂಡತಿ. ಮಾನ್ಯತೆ: ಇಲ್ಲ. "ಇವರ ಅಡುಗೆಮನೆ ಬಗ್ಗೆ ಪ್ರಶ್ನೆಗಳಿಗೆ ಉತ್ತರ ಬೇಕು. ಫೋನ್ ಹಚ್ಚಿ."

ದೊಡ್ಡಪ್ಪನ ಹೆಂಡತಿಯನ್ನು ಕಂಪನಿಯವರೆಲ್ಲ ನೋಡದೆಯೇ ದೊಡ್ಡಮ್ಮ ಅನ್ನುತ್ತಿದ್ದರು. ಫೋನಿನ ಪುಟ್ಟ ತೂತಿನಿಂದ ಅವಳ ದನಿ ಇಡೀ ಕೋಣೆಗೆ ಕೇಳಿತು.

"ನಿಮ್ಮ ಅಡುಗೆಮನೇಲಿ ಇಲಿ ಇದೆಯಾ?" ಮೇಡಂ ಕೇಳಿದರು.

"ನಿಮ್ಮ ಮನೇಲಿದ್ಯಾ?"

"ಅಡುಗೆ ಮಾಡುವಾಗ ತಲೆ ಕೂದಲು ಕಟ್ಟಿರ್ತೀರಾ?"

"ಕಟ್ಟೋಕೆ ಉಳಿದಿದ್ರಲ್ವೇನಮ್ಮಾ!"

"ಅಡುಗೆಮನೆ ತಪಾಸಣೆ ಯಾರಾದ್ರೂ ಮಾಡಿದ್ದಾರಾ?"

"ನಮ್ಮತ್ತೆ ಇರೋ ತನಕ ದಿನಾ ಮಾಡ್ತಿದ್ರು. ನಿಮ್ಮಷ್ಟು ಮೆತ್ತಗೆ ಕೇಳ್ತಿರ್ಲಿಲ್ಲ." ಆಮೇಲೆ ದನಿ ಬದಲಾಯಿತು. "ಅಲ್ಲಮ್ಮಾ, ನಾನು ಮಾಡಿದ್ದು ಅಂತ ನಿಮಗೆ ಯಾರು ಹೇಳಿದ್ದು?"

"ಸಿಸ್ಟಮ್ಮಿನಲ್ಲಿ ಬರೆದಿದೆ. ಪೂರೈಸಿದವರು, ನನ್ನ ಹೆಂಡತಿ."

ಆ ಕಡೆ ಸೌಟು ಕೆಳಗಿಟ್ಟ ಸದ್ದಾಯಿತು. "ಬರೆದಿದ್ದಾರಾ? ತಡೀರಿ, ಬಂದೆ."

ದೊಡ್ಡಪ್ಪನಿಗೆ ಕಾಲಿನ ಕೆಳಗಿನ ನೆಲ ಜ್ಯಾಮಿನ ಹಾಗೆ ಅಲುಗಾಡಿತು. ಬೈಯಲು ಬರುತ್ತಾಳೆ ಅಂದುಕೊಂಡ. ಹೊತ್ತು ಇಳಿಯುತ್ತಿತ್ತು. ಯಜಮಾನರು ಎರಡು ಸಲ ಬಂದು ಗಡಿಯಾರ ನೋಡಿ ಹೋದರು. ಗಡ್ಡದವ ಕುರ್ಚಿಯ ಮೆತ್ತೆಯ ಧೂಳು ಕೊಡವಿ, "ನಿಮಗೋಸ್ಕರವೇ ದೊಡ್ಡಪ್ಪ" ಅಂದ.

ದೊಡ್ಡಮ್ಮ ಆಟೋದಿಂದ ಇಳಿದಾಗ ಕಂಕುಳಲ್ಲಿ ಬಟ್ಟೆ ಸುತ್ತಿದ ದೊಡ್ಡ ಪಾತ್ರೆ ಇತ್ತು. ಬಂದವಳು ಯಾರ ಮುಖವನ್ನೂ ನೋಡದೆ ನೇರ ಪರದೆಯ ಮುಂದೆ ನಿಂತಳು.

"ರೀ, ಎಲ್ಲಿದೆ ತೋರಿಸಿ."

ದೊಡ್ಡಪ್ಪ ಬೆರಳಿಟ್ಟು ತೋರಿಸಿದ. ಅವಳು ಬಗ್ಗಿ, ಅಕ್ಷರ ಕೂಡಿಸಿಕೊಂಡು ಓದಿದಳು. ಇನ್ನೊಂದು ಸಲ ಓದಿದಳು. "ಅಕ್ಷರ ಚೆನ್ನಾಗಿದೆ" ಎಂದಷ್ಟೇ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಬೋರಲು ಹಾಕಿದ್ದ ಡಬ್ಬಿಯನ್ನು ತಂದು, ಪಾತ್ರೆಯಿಂದ ಬಿಸಿ ಅನ್ನ, ಹುರಿದ ಬದನೆಕಾಯಿ ತುಂಬಿ, ಲೇಬಲ್ ಮುಂದೆ ಮಾಡಿ ಮೇಜಿನ ಮೇಲಿಟ್ಟಳು. "ತಗೊಳ್ಳಿ. ಅದೇ ಡಬ್ಬಿ, ಅದೇ ಕೈ. ನಾಶ ಮಾಡೋರು ಯಾರು, ಮುಂದೆ ಬನ್ನಿ."

ಯಾರೂ ಮುಂದೆ ಬರಲಿಲ್ಲ. ಹುರಿದ ಬದನೆಕಾಯಿಯ ವಾಸನೆ ದಿನವಿಡೀ ಸಕ್ಕರೆ ಪಾಕದ ವಾಸನೆ ಕುಡಿದವರ ಮೂಗಿಗೆ ತಲುಪಿತ್ತು. ಲಾರಿಯವನು ಎಂಜಿನ್ ಆರಿಸಿ ಬಂದಿದ್ದ. ಯಜಮಾನರೂ ಬಾಗಿಲಲ್ಲಿ ನಿಂತಿದ್ದರು.

"ನಾಶ ಮಾಡೋಕೆ ಮೊದಲು ಮಾದರಿ ಪರೀಕ್ಷೆ ಮಾಡ್ಬೇಕು, ನಿಯಮ ಇದೆ," ಎಂದು ಲ್ಯಾಬ್ ಮೇಡಂ ಗಂಭೀರವಾಗಿ ಚಮಚ ತೆಗೆದರು. ಒಂದು ಚಮಚ ಪರೀಕ್ಷಿಸಿದರು. ಅನುಮಾನ ಉಳಿಯಿತು. ಇನ್ನೊಂದು ಪರೀಕ್ಷಿಸಿದರು. ಯಜಮಾನರು ತಮಗೂ ಅನುಮಾನವಿದೆ ಎಂದರು. ಲಾರಿಯವನಿಗೆ ಬಹಳ ಅನುಮಾನವಿತ್ತು. ಗಡ್ಡದವ ಕೊನೆಗೆ ಡಬ್ಬಿಯ ಮೂಲೆಯನ್ನೂ ಬೆರಳಿನಿಂದ ಪರೀಕ್ಷಿಸಿದ.

ಮೇಡಂ ಪರದೆಯಲ್ಲಿ ಸಾಫ್ಟ್‌ವೇರಿನವನಿಗೇ ಗೊತ್ತಿಲ್ಲದ ನಾಲ್ಕನೆಯ ಬಾಗಿಲು ತೆರೆದರು: 'ಪರೀಕ್ಷೆಯಲ್ಲಿ ಪೂರ್ತಿ ಖರ್ಚಾಯಿತು. ಫಲಿತಾಂಶ: ಉತ್ತಮ.' ಕೆಂಪು ಹೋಗಿ ಹಸಿರು ಬಂತು. ಲಾರಿ ಹೊರಟಿತು.

"ಕೂತ್ಕೊಳ್ಳಿ ದೊಡ್ಡಪ್ಪ," ಅಂದರು ಯಜಮಾನರು. "ಕುರ್ಚಿ ನಿಮ್ಮದೇ."

ದೊಡ್ಡಪ್ಪ ಕುಳಿತ. ಮೆತ್ತೆ ತಗ್ಗಿತು. ಸಂಜೆ ಬಿಸಿಲು ಎರಡು ಮಂಡಿಗಳ ಮೇಲೂ ಸಮನಾಗಿ ಬಿತ್ತು. ಆ ಸುಖವನ್ನು ಅವನು ಮಾತಿನಲ್ಲಿ ಹೇಳಲಾರ, ಮಂಡಿಗಳು ಹೇಳಬಲ್ಲವು.

ಯಜಮಾನರು ಬಾಯಿ ಒರೆಸಿಕೊಳ್ಳುತ್ತ ದೊಡ್ಡಮ್ಮನ ಕಡೆ ತಿರುಗಿದರು. "ನಮ್ಮ ಜನ ಮಧ್ಯಾಹ್ನ ಒಣ ಬ್ರೆಡ್ ಅಗೀತಾರೆ. ನಾಳೆಯಿಂದ ಎಲ್ಲರಿಗೂ ನೀವೇ ಬುತ್ತಿ ಕಳಿಸ್ತೀರಾ ದೊಡ್ಡಮ್ಮ?"

ದೊಡ್ಡಮ್ಮ ಗಂಡನನ್ನು ನೋಡಲಿಲ್ಲ, ಪರದೆಯನ್ನು ನೋಡಿದಳು. "ಇದೇ ಥರ ಬರೀತೀರಾದ್ರೆ ಕಳಿಸ್ತೀನಿ."

ಮೇಡಂ ಆಗಲೇ ಮಾನ್ಯತೆಗೆ ಒತ್ತುತ್ತಿದ್ದರು. ಇಲಿ, ಇಲ್ಲ. ಕೂದಲು, ಇಲ್ಲ. ತಪಾಸಣೆ, ಅತ್ತೆ. "ಕೊನೇ ಪ್ರಶ್ನೆ. ಪೂರೈಸುವವರ ಸಂಬಂಧಿಕರು ಕಂಪನೀಲಿ ಯಾರಾದ್ರೂ ಇದ್ದಾರಾ?"

ದೊಡ್ಡಪ್ಪನಿಗೆ ಏನೋ ಹೊಳೆಯಿತು. ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡಮ್ಮ ಜನ್ಮದಲ್ಲೇ ಇಲ್ಲದ ಹೆಮ್ಮೆಯಿಂದ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿಯಾಗಿತ್ತು.

"ಇಲ್ಲದೆ ಏನು? ಇವರೇ. ನನ್ನ ಯಜಮಾನ್ರು!"

ಮೇಡಂ 'ಹೌದು' ಒತ್ತಿದರು. ಸಿಸ್ಟಮ್ ಒಂದು ಗಳಿಗೆ ಯೋಚಿಸಿ ಹೇಳಿತು: 'ಮಾನ್ಯತೆ ನೀಡಲಾಗಿದೆ. ಪೂರೈಸುವವರ ಸಂಬಂಧಿಕರು ಸರಕು ಸ್ವೀಕರಿಸುವ ಜಾಗದಲ್ಲಿ ಕೂರುವಂತಿಲ್ಲ.'

ಎಲ್ಲರೂ ಕುರ್ಚಿಯ ಕಡೆ ನೋಡಿದರು. ಯಜಮಾನರು ಕೆಮ್ಮಿದರು. "ನಾನೇನೋ ಒಪ್ತೀನಿ ದೊಡ್ಡಪ್ಪ. ಅದು ಒಪ್ಪಲ್ವಲ್ಲ."

ಗಡ್ಡದವ ತನ್ನ ಸ್ವೆಟರನ್ನು ತೆಗೆದು, ನೀಟಾಗಿ ಮಡಿಸಿ, ಕೋಲ್ಡ್ ರೂಮಿನ ಬೀಗದ ಕೈಯ ಜೊತೆ ದೊಡ್ಡಪ್ಪನ ಮುಂದೆ ಇಟ್ಟ. ಈ ಸಲ ಅವನ ಮುಖದಲ್ಲಿ ನಿಜವಾಗಿಯೂ ಸ್ವಲ್ಪ ಮರುಕವಿತ್ತು.

ಗಂಡ ಹೆಂಡತಿ ನಡೆದೇ ಮನೆಗೆ ಹೊರಟರು. ದೊಡ್ಡಪ್ಪನ ಮಂಡಿ ದಾರಿಯುದ್ದಕ್ಕೂ ಕಿರುಗುಟ್ಟಿತು. ದೊಡ್ಡಮ್ಮ ಖಾಲಿ ಪಾತ್ರೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸುತ್ತ, ಬಹಳ ಹೊತ್ತಿನ ಮೇಲೆ ಕೇಳಿದಳು.

"ರೀ, ನನ್ನಿಂದ ನಿಮ್ಮ ಕುರ್ಚಿ ಹೋಯ್ತು. ನಾಳೆ ಹೋಗಿ ನನ್ನನ್ನ ಅದರಿಂದ ಅಳಿಸೋಕೆ ಹೇಳ್ಬಿಡ್ಲಾ?"

ದೊಡ್ಡಪ್ಪ ನಿಂತು ಅವಳ ಮುಖ ನೋಡಿದ. ಪರದೆಯ ಮುಂದೆ ಬಗ್ಗಿ ಓದಿದಾಗ ಬಂದ ಬೆಳಕು ಇನ್ನೂ ಅಲ್ಲೇ ಇತ್ತು.

"ಆಗಲ್ಲ ಕಣೇ. ಅದರಲ್ಲಿ ಅಳಿಸೋ ಬಟನ್ನೇ ಇಲ್ಲ."

"ಹೌದಾ?" ದೊಡ್ಡಮ್ಮನ ಹೆಜ್ಜೆ ಚುರುಕಾಯಿತು. "ಹಾಗಾದ್ರೆ ಬೇಗ ಬೇಗ ನಡೀರಿ. ಮಾರ್ಕೆಟ್ ಮುಚ್ಚೋಕೆ ಮೊದಲು ಎರಡು ಚೀಲ ಬದನೆಕಾಯಿ ತಗೋಬೇಕು. ಹೊರೋದು ನೀವೇ, ಬೆಳಗ್ಗೆ ಎದ್ದು ಹೆಚ್ಚೋದೂ ನೀವೇ."